ಅಕ್ಕಿ ಡಬ್ಬದ ಮೇಲಿನ ನಾಲ್ಕು

ದುಬೈ ವಿಮಾನ ನಿಲ್ದಾಣ

ಗಲ್ಫಿಗೆ ಹೋಗುವ ನಮ್ಮ ಕಡೆಯವರು ಸೂಟ್‌ಕೇಸಿನಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಒಯ್ಯುತ್ತಾರೆ. ನಾನು ಅಕ್ಕಿ ಡಬ್ಬದ ಮುಚ್ಚಳ ಒಯ್ದೆ.

ಒಂದೂವರೆ ಗೇಣಿನ ಚೌಕ ತಗಡು ಅದು. ಹಸಿರು ಬಣ್ಣದ ಮೇಲೆ ಬಿಳಿಯ ದೊಡ್ಡ 4. ಮೇಲಂಚಿನಲ್ಲಿ ಒಂದು ತೂತು. ದುಬೈಯಲ್ಲಿ ಇಳಿದಾಗ ನನ್ನ ಸೂಟ್‌ಕೇಸನ್ನು ಯಂತ್ರದೊಳಗೆ ಬಿಟ್ಟ ಅಧಿಕಾರಿ ಪರದೆ ನೋಡಿ ಹುಬ್ಬು ಗಂಟಿಕ್ಕಿದ. ತೆರೆದು ತೋರಿಸಿ ಎಂದ. ತೋರಿಸಿದೆ.

"ಏನಿದು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಮುಚ್ಚಳ."

"ಯಾವುದರ ಮುಚ್ಚಳ?"

"ಅಕ್ಕಿ ಡಬ್ಬದ್ದು."

"ಅಕ್ಕಿ ಎಲ್ಲಿ?"

"ಊರಲ್ಲಿದೆ."

ಆತ ಒಮ್ಮೆ ನನ್ನನ್ನು, ಒಮ್ಮೆ ತಗಡನ್ನು ನೋಡಿದ. ಆಮೇಲೆ ಕೈಚೀಲದಲ್ಲಿದ್ದ ನನ್ನ ಸೀಟಿಯನ್ನು ಎತ್ತಿ ಹಿಡಿದು, "ಇದು?" ಎಂದ. ನಾನು ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದೆ ಎಂದೆ. ಅಷ್ಟು ಹೇಳಿದ್ದೇ ತಡ, ಆತ ನೆಟ್ಟಗೆ ನಿಂತುಕೊಂಡ! ಡ್ರಿಲ್ ಟೀಚರ್ ಎಂದರೆ ಯಾವ ದೇಶದ ಗಂಡಸಿಗೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ಎಂದು ನನಗೆ ಅಂದು ಖಾತ್ರಿಯಾಯಿತು. ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವಳು ನಾನು. ನಿವೃತ್ತಿಯಾಗಿದ್ದರೂ ಸೀಟಿ ಮಾತ್ರ ಚೀಲ ಬಿಟ್ಟು ಹೋಗಿಲ್ಲ.

ಹೊರಗೆ ತಮ್ಮ ಸದಾನಂದ ಕಾಯುತ್ತಿದ್ದ. ವಿಮಾನ ಹೇಗಿತ್ತು, ಊಟ ಕೊಟ್ಟರಾ ಎಂದು ಕೇಳಲಿಲ್ಲ.

"ನಾಲ್ಕು ತಂದ್ಯಾ ಅಕ್ಕ?" ಎಂದ.

"ತಂದಿದ್ದೇನೆ ಮಾರಾಯ. ನಾನೂ ಬಂದಿದ್ದೇನೆ, ಅದನ್ನೂ ಸ್ವಲ್ಪ ನೋಡು," ಎಂದೆ.

ಅಲ್ ಬರ್ಷಾ

ಮೊದಲ ಎರಡು ದಿನ ಉಳಿದದ್ದು ಅಲ್ ಬರ್ಷಾದಲ್ಲಿ, ಸದಾನಂದನ ಮಗಳು ನಿಶಾಳ ಫ್ಲ್ಯಾಟಿನಲ್ಲಿ. ಅವಳಿಗೆ ನಾನು ಮಾಮಿ. ತುಳು ಮಾತಾಡುವ ನಮ್ಮ ಮನೆಗಳಲ್ಲಿ ಅಪ್ಪನ ಅಕ್ಕ ಮಾಮಿಯೇ. ನಾನು ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಈ ಊರಿನ ರಸ್ತೆಯ ಶಿಸ್ತನ್ನು ನೋಡಿ ನಾನು ನಿಜವಾಗಿಯೂ ಮನಸೋತೆ. ಮೊದಲ ದಿನ ಬೆಳಿಗ್ಗೆ ರಸ್ತೆ ದಾಟಲು ಪಟ್ಟೆಗಳ ಮುಂದೆ ನಿಂತೆ. ಒಂದು ದೊಡ್ಡ ಕಾರು ಬಂದು ನಿಂತಿತು. ಅದು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಅದು ಕಾಯಿತು. ನಮ್ಮೂರಿನಲ್ಲಿ ಹೀಗೆ ಕಾರು ನಿಲ್ಲುವುದು ಒಂದೋ ವಿಳಾಸ ಕೇಳಲಿಕ್ಕೆ, ಇಲ್ಲವೇ ಬಯ್ಯಲಿಕ್ಕೆ. ಏನು ಬೇಕಿತ್ತು ಎಂದು ಕೇಳೋಣವೆಂದು ಕಿಟಕಿಯ ಹತ್ತಿರವೇ ಹೋದೆ. ಒಳಗಿದ್ದವನು ಕೈಮುಗಿಯುವುದೊಂದು ಬಾಕಿ. ನಿಶಾ ಓಡಿ ಬಂದು ನನ್ನ ತೋಳು ಹಿಡಿದು ದಾಟಿಸಿದಳು. "ಜಸ್ಟ್ ವಾಕ್, ಮಾಮಿ!"

ಇನ್ನು ತಗಡಿನ ವಿಷಯ. ಸದಾನಂದ ಈ ದೇಶಕ್ಕೆ ಬಂದು ಮೂವತ್ತೈದು ವರ್ಷವಾಯಿತು. ಮೊದಲ ಕೆಲಸ ಅಬುಧಾಬಿ ಕಡೆಯ ಮರಳುಗಾಡಿನಲ್ಲಿ, ಎಣ್ಣೆ ತೆಗೆಯುವ ಕಂಪೆನಿಯೊಂದರ ಕ್ಯಾಂಪಿನ ಅಡುಗೆಮನೆಯಲ್ಲಿ. ಅಲ್ಲಿದ್ದ ಅಮೆರಿಕದ ಇಂಜಿನಿಯರುಗಳು ತಮಗೆಂದು ಒಂದು ಬೇಸ್‌ಬಾಲ್ ಮೈದಾನ ಮಾಡಿಕೊಂಡಿದ್ದರಂತೆ. ಶುಕ್ರವಾರ ಆಟ. ಅಂಕೆಗಳ ಹಲಗೆಗೆ ತಗಡು ತೂಗುಹಾಕುವ ಕೆಲಸ ಇವನದು. ಎರಡು ವರ್ಷದ ಮೇಲೆ ಮೊದಲ ರಜೆಯಲ್ಲಿ ಊರಿಗೆ ಬಂದಾಗ ಇವನ ಸೂಟ್‌ಕೇಸಿನಿಂದ ಸಾಬೂನು, ಟಾರ್ಚು, ಅತ್ತರುಗಳ ನಡುವೆ ಈ 4 ಹೊರಬಂತು.

"ಒಂದು ಟೀಮಿಗೆ ಒಂಬತ್ತು ಇನ್ನಿಂಗ್ಸ್ ಉಂಟು ಅಕ್ಕ," ಎಂದಿದ್ದ.

"ಟೆಸ್ಟ್ ಮ್ಯಾಚಿಗೇ ಎರಡು. ಎಂಥ ಬಿಡ್ತೀಯಾ, ಸ್ವಲ್ಪ ಕಡಿಮೆ ಬಿಡು," ಎಂದು ನಾನು ಎಲ್ಲರೆದುರು ನಕ್ಕಿದ್ದೆ. ಡ್ರಿಲ್ ಟೀಚರ್ ಹೇಳಿದ ಮೇಲೆ ಮುಗಿಯಿತಲ್ಲ, ಮನೆಯವರೆಲ್ಲ ನಕ್ಕರು. ಅಮ್ಮ ತಗಡನ್ನು ಕುಚ್ಚಲಕ್ಕಿ ಡಬ್ಬದ ಮೇಲೆ ಮುಚ್ಚಿ, ಇಲಿ ದೂಡದಂತೆ ಒಂದು ಕಲ್ಲು ಇಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಅದರ ಹೆಸರೇ ನಾಲ್ಕು. "ನಾಲ್ಕು ತೆಗೆದು ಎರಡು ಪಾವು ಅಕ್ಕಿ ಹಾಕು," ಎನ್ನುತ್ತಿದ್ದಳು ಅಮ್ಮ. ಅವಳ ನಂತರ ಡಬ್ಬವೂ ನಾಲ್ಕೂ ನನ್ನ ಅಡುಗೆಮನೆಗೆ ಬಂದವು.

ಮೊನ್ನೆ ಮೊನ್ನೆ ನಿಶಾ ಫೋನಿನಲ್ಲಿ ಏನೋ ನೋಡುತ್ತಿದ್ದವಳು ಅಪ್ಪನಿಗೆ ಒಂದು ಚಿತ್ರ ತೋರಿಸಿದಳಂತೆ. ಆ ಮೈದಾನದ ಅವಶೇಷಗಳನ್ನು ಸರಕಾರದವರು ರಿಪೇರಿ ಮಾಡಿ, ನೆರಳು ಕಟ್ಟಿ, ಜನರಿಗೆ ನೋಡಲು ತೆರೆದಿದ್ದಾರೆ. ಹಲಗೆ ಹಾಗೆಯೇ ಇದೆ. ಕೊನೆಯ ಆಟದ ತಗಡುಗಳೂ ಇವೆ. ಕೊನೆಯ ಕೊಕ್ಕೆ ಮಾತ್ರ ಖಾಲಿ.

ಅದನ್ನು ನೋಡಿದಂದಿನಿಂದ ಸದಾನಂದನಿಗೆ ಊಟ ಸೇರಲಿಲ್ಲವಂತೆ. ಅವನ ಕೆಲಸ ಮುಗಿದಿದೆ, ವೀಸಾ ರದ್ದಾಗಿದೆ, ಹೆಂಡತಿ ಮೊದಲೇ ಊರು ಸೇರಿದ್ದಾಳೆ, ಇವನ ವಿಮಾನಕ್ಕೆ ಇನ್ನು ಐದೇ ದಿನ. ಹೋಗುವ ಮೊದಲು ಆ ತಗಡನ್ನು ತನ್ನ ಕೈಯಾರೆ ತೂಗುಹಾಕಬೇಕು. ಅಷ್ಟಕ್ಕೇ ನನ್ನನ್ನು ಕರೆಸಿಕೊಂಡದ್ದು. ನಿಶಾ ಕೊರಿಯರ್ ಮಾಡಿದರೆ ಆಯಿತು ಎಂದಳು. ಇವನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಹೆದರಿಕೆ ಆಗ್ತದೆ ಅಕ್ಕ," ಎಂದ ನನ್ನೊಬ್ಬಳಿಗೆ. "ಮ್ಯೂಸಿಯಮ್ಮಿನ ಸಾಮಾನು ನಿನ್ನ ಹತ್ರ ಹೇಗೆ ಬಂತು ಅಂತ ಕೇಳಿದ್ರೆ? ಪೊಲೀಸ್ ಕೇಸ್ ಆದ್ರೆ ಏರ್‌ಪೋರ್ಟಲ್ಲೇ ನಿಲ್ಲಿಸ್ತಾರೆ. ಇಷ್ಟು ವರ್ಷ ಒಂದು ಕೆಂಪು ಗೆರೆ ಇಲ್ಲದೆ ಕಳೆದಿದ್ದೇನೆ."

"ಹಾಗಾದ್ರೆ ಬಿಡು, ಅಕ್ಕಿ ಡಬ್ಬದ ಮೇಲೇ ಇರ್ಲಿ."

"ಬಿಡ್ಲಿಕ್ಕೂ ಆಗುದಿಲ್ಲ," ಎಂದ.

ಬರ್ ದುಬೈ

ಬರ್ ದುಬೈಯಲ್ಲಿ ಊರೊಳಗೆ ಚಾಚಿದ ಕಡಲಿನ ಖಾರಿಯನ್ನು ಅಬ್ರಾದಲ್ಲಿ ದಾಟಿದೆವು. ಮರದ ದೋಣಿ, ಸುತ್ತ ಗೋಡೆ ಇಲ್ಲ, ನಡುವೆ ಉದ್ದನೆಯ ಬೆಂಚು. ಚಿಕ್ಕಂದಿನಲ್ಲಿ ಅಜ್ಜಿಮನೆಗೆ ಹೊಳೆ ದಾಟುತ್ತಿದ್ದ ದೋಣಿಯ ನೆನಪಾಗಿ ಮನಸ್ಸು ತುಂಬಿ ಬಂತು. ವ್ಯತ್ಯಾಸ ಒಂದೇ, ಇಲ್ಲಿ ಯಾರೂ ಕೋಳಿ ಹಿಡಿದುಕೊಂಡು ಹತ್ತಲಿಲ್ಲ. ಆಚೆ ದಡದಲ್ಲಿ ಗಾಜಿನ ಕಟ್ಟಡಗಳು, ಈಚೆ ದಡದಲ್ಲಿ ಮಣ್ಣಿನ ಬಣ್ಣದ ಹಳೆಯ ಮನೆಗಳು. ಇಷ್ಟು ಹಣವಿರುವ ಜನ ಹಳೆಯದನ್ನು ಒಡೆಯದೆ ಉಳಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ನಮ್ಮ ಶಾಲೆಯ ಮೈದಾನದ ಕಾಲು ಭಾಗವನ್ನು ಕಲ್ಯಾಣ ಮಂಟಪದ ಪಾರ್ಕಿಂಗ್ ನುಂಗಿದೆ. ಲಾಂಗ್ ಜಂಪಿನ ಹೊಂಡದಲ್ಲಿ ಈಗ ಜನರೇಟರ್ ಇದೆ.

ಮರಳಿ ಬಂದು ಅಂಥದೊಂದು ಹಳೆಯ ಮನೆ ನೋಡಲು ಹೋದೆವು. ಅಂಗಳದಲ್ಲಿ ಬಿಳಿ ನಿಲುವಂಗಿಯ ಹಿರಿಯರೊಬ್ಬರು ಕೂತು ಬಂದವರಿಗೆಲ್ಲ ಗಹ್ವಾ ಕೊಡುತ್ತಿದ್ದರು. ಏಲಕ್ಕಿ ಹಾಕಿದ ತಿಳಿ ಕಾಫಿ, ಹಾಲಿಲ್ಲ, ಸಕ್ಕರೆಯಿಲ್ಲ, ಹಿಡಿಯಿಲ್ಲದ ಪುಟ್ಟ ಕಪ್ಪು, ಜೊತೆಗೆ ಖರ್ಜೂರ. ಕುಡಿದು ಮುಗಿಸಿದೆ. ಮತ್ತೆ ಹಾಕಿದರು. ಬಡಿಸಿದ್ದನ್ನು ಬಿಡಬಾರದೆಂದು ಕುಡಿದೆ. ಮತ್ತೆ ಹಾಕಿದರು. ಐದನೆಯದು ಮುಗಿಯುವಾಗ ನನ್ನ ಎದೆ ಡಬಡಬ ಎನ್ನುತ್ತಿತ್ತು. ತಮ್ಮ ತಲೆ ತಗ್ಗಿಸಿಕೊಂಡು ನಗುತ್ತಿದ್ದ.

"ಕಪ್ಪು ಹೀಗೆ ಅಲ್ಲಾಡಿಸ್ಬೇಕು ಅಕ್ಕ," ಎಂದು ಕಪ್ಪನ್ನು ಬೆರಳುಗಳಲ್ಲಿ ಹಿಡಿದು ಎರಡು ಬಾರಿ ಕುಲುಕಿದ. "ಆಗ ಸಾಕು ಅಂತ ಅರ್ಥ. ಅಲ್ಲಾಡಿಸದಿದ್ರೆ ಅವ್ರು ಹಾಕ್ತಾ ಇರ್ಲೇಬೇಕು. ಅದು ಅವ್ರ ಮರ್ಯಾದೆ."

"ಮೊದಲೇ ಹೇಳ್ಲಿಕ್ಕೆ ಬಾಯಿಗೆ ಎಂಥ ಆಗಿತ್ತು ನಿಂಗೆ?"

"ಒಂಬತ್ತು ಇನ್ನಿಂಗ್ಸ್ ಅಂದಾಗ ನೀನು ನಗಾಡಿದ್ದು ನೆನಪುಂಟಾ?" ಎಂದ.

ಮೂವತ್ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಾನೆ, ಪುಣ್ಯಾತ್ಮ.

ಮುಸಫ್ಫಾ

ಮೂರನೆಯ ದಿನ ಅಬುಧಾಬಿಯ ಮುಸಫ್ಫಾಕ್ಕೆ ಬಂದೆವು. ಇಲ್ಲಿ ಪೋಸ್ಟ್‌ಕಾರ್ಡಿನ ದುಬೈ ಇಲ್ಲ. ಸಾಲು ಸಾಲು ವರ್ಕ್‌ಶಾಪು, ವೆಲ್ಡಿಂಗಿನ ಕಿಡಿ, ಕಬ್ಬಿಣದ ವಾಸನೆ, ಕಂಪೆನಿಯ ಬಸ್ಸುಗಳು. ನನಗೆ ಈ ಜಾಗವೂ ಮೆಚ್ಚಿಗೆಯಾಯಿತು, ಏಕೆಂದರೆ ಆ ಗಾಜಿನ ಊರನ್ನು ಎತ್ತಿ ನಿಲ್ಲಿಸಿದ ಕೈಗಳು ಇಲ್ಲಿವೆ. ಕಳೆದ ಮೂವತ್ತಕ್ಕೂ ಹೆಚ್ಚು ವರ್ಷ ಸದಾನಂದ ಇಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಂಡಿದ್ದ. ಅವನ ಸ್ಟೋರನ್ನು ನೋಡಿದೆ. ಒಂದೊಂದು ಬೋಲ್ಟಿಗೂ ಒಂದು ಜಾಗ, ಒಂದೊಂದು ಜಾಗಕ್ಕೂ ಒಂದು ಚೀಟಿ. ಮನೆಯಲ್ಲಿ ಚಡ್ಡಿಯನ್ನು ಬಿಚ್ಚಿದಲ್ಲೇ ಬಿಡುತ್ತಿದ್ದ ಹುಡುಗ ಇವನೇನಾ ಎನಿಸಿತು.

ರಾತ್ರಿ ತನ್ನ ಕೋಣೆಯಲ್ಲಿ, ಕಟ್ಟಿಟ್ಟ ಸೂಟ್‌ಕೇಸುಗಳ ನಡುವೆ ಕೂತು ಅವನು ಆ ಕೊನೆಯ ಆಟದ ಕಥೆ ಹೇಳಿದ. ಈ ಸಲ ನಾನು ನಡುವೆ ಬಾಯಿ ಹಾಕಲಿಲ್ಲ.

"ನಂಗೆ ಆಟ ಅರ್ಥ ಆಗ್ತಿರ್ಲಿಲ್ಲ ಅಕ್ಕ. ಕೆಳಗೆ ಒಬ್ಬ ಕೆಂಪು ಮೀಸೆಯ ಇಂಜಿನಿಯರ್ ನಿಂತು ಬೆರಳು ಎತ್ತುದು, ನಾನು ಹಲಗೆಯ ಹಿಂದೆ ಅಟ್ಟದಲ್ಲಿ ನಿಂತು ಅಷ್ಟು ನಂಬ್ರದ ತಗಡು ಹಾಕುದು. ಬೆರಳು ನೋಡದೆ ಹಾಕ್ಬಾರ್ದು ಅಂತ ಆರ್ಡರ್. ಮೊದಮೊದಲು ನಾನು ನಮ್ಮ ಕ್ರಿಕೆಟಿನ ಲೆಕ್ಕ ಅಂತ ಕೂಡಿಸ್ತಾ ಹೋದೆ. ಒಂದು, ಆಮೇಲೆ ಎರಡು ಬಂದ್ರೆ ಮೂರು ಹಾಕುದು. ಎಲ್ರೂ ಹೊಟ್ಟೆ ಹಿಡ್ಕೊಂಡು ನಗಾಡಿದ್ರು. ಇಲ್ಲಿ ಒಂದೊಂದು ಇನ್ನಿಂಗ್ಸಿನದ್ದು ಬೇರೆ ಬೇರೆ ಬರೀಬೇಕು."

ಕ್ಯಾಂಪ್ ಮುಚ್ಚುವ ವಾರದಲ್ಲಿ ಕೊನೆಯ ಆಟ. ಹೊರಗಿನಿಂದ ಬಂದ ತಂಡ ಏಳು, ಕ್ಯಾಂಪಿನ ತಂಡ ನಾಲ್ಕು, ಆಡಲು ಉಳಿದದ್ದು ಕ್ಯಾಂಪಿನವರ ಕೊನೆಯ ಸರದಿ. ಮೈದಾನದ ಮೂರು ಮೂಲೆಗಳಲ್ಲಿ ಕ್ಯಾಂಪಿನ ಮೂವರು ಓಡಲು ಸಿದ್ಧರಾಗಿ ನಿಂತಿದ್ದಾರೆ. ಬ್ಯಾಟು ಹಿಡಿದವನು ಹೊಡೆದ ಚೆಂಡು ಗೋಡೆಯಾಚೆ ಮರಳಿಗೆ ಹೋಯಿತು. ಮೂವರು ಬಂದರು, ಹೊಡೆದವನೂ ಸುತ್ತಿ ಬಂದ, ಒಬ್ಬೊಬ್ಬನಿಗೆ ಒಂದೊಂದು ರನ್.

"ಆಗ ಅರ್ಥ ಆಯ್ತು ನಂಗೆ. ಯಾರೂ ಬೆರಳು ತೋರಿಸ್ಲಿಲ್ಲ, ನಾನೇ ನಾಲ್ಕು ತೆಗ್ದೆ. ಎರಡು ವರ್ಷದಲ್ಲಿ ಫಸ್ಟ್ ಟೈಮ್! ಕೆಳಗೆ ನೋಡ್ತೇನೆ, ಕೆಂಪು ಮೀಸೆ ಇಲ್ಲ, ಅವನೂ ಮೈದಾನಕ್ಕೆ ಓಡಿದ್ದಾನೆ. ಬೆರಳು ಇಲ್ಲದೆ ಹೇಗೆ ಹಾಕುದು? ನಾನೂ ನಾಲ್ಕು ಹಿಡ್ಕೊಂಡೇ ಓಡಿದೆ. ಎತ್ತಿ ಕುಣಿಸಿದ್ರು ನನ್ನನ್ನು. ಅಷ್ಟರಲ್ಲಿ ಕಂಪೆನಿ ಬಸ್ಸಿನ ಹಾರ್ನು. ಡ್ರೈವರು ಯಲ್ಲಾ ಯಲ್ಲಾ, ಹೊರಡಿ ಅಂತ ಕೂಗ್ತಿದ್ದ. ಬಸ್ಸಲ್ಲಿ ಕೂತ ಮೇಲೆ ನೋಡ್ತೇನೆ, ತಗಡು ಕೈಯಲ್ಲೇ ಉಂಟು. ಮರುದಿನ ಅಡುಗೆಮನೆ ಬಂದ್, ಗೇಟಿಗೆ ಬೀಗ, ನಮ್ಮನ್ನೆಲ್ಲ ಇಲ್ಲಿಗೆ ತಂದು ಬಿಟ್ರು. ಒಂದೇ ಒಂದು ಕೆಲಸ ಕೊಟ್ಟಿದ್ರು ಅಕ್ಕ, ಅದನ್ನೂ ಮುಗಿಸ್ಲಿಲ್ಲ."

ಬೇರೆಯವರ ಮುಂದೆ ಬೀಗುವುದಕ್ಕೆ ತಂದ ತಗಡು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವನು ಅದನ್ನು ನಾಚಿಕೆಯಿಂದ ಬಚ್ಚಿಡಲು ತಂದಿದ್ದ. ನನಗೆ ಬಹಳ ಬೇಸರವಾಯಿತು.

ಮೈದಾನ

ಮರುದಿನ ನಿಶಾ ಕಾರು ಬಿಟ್ಟಳು. ಊರು ಮುಗಿದು ಮರಳು ಶುರುವಾಗುವಲ್ಲಿ ಒಂದು ಅಚ್ಚುಕಟ್ಟಾದ ಗೇಟು. ಮೈದಾನ ಎಂದರೆ ಉಳಿದದ್ದು ಇಷ್ಟು: ಅರ್ಧಚಂದ್ರದ ತುಂಡಿನಂತೆ ಒಂದು ಗಾರೆ ಗೋಡೆ, ಜನ ಕೂರುತ್ತಿದ್ದ ಐದಾರು ಮರದ ಮೆಟ್ಟಿಲು, ಬ್ಯಾಟು ಹಿಡಿದವನು ನಿಲ್ಲುತ್ತಿದ್ದಲ್ಲಿ ನೆಲದಲ್ಲಿ ಹೂತ ಬಿಳಿಯ ರಬ್ಬರ್ ಹಲಗೆ, ಎದುರಿಗೆ ಕಂಬಗಳ ಮೇಲೆ ಹಸಿರು ಅಂಕೆಹಲಗೆ. ಆಟಗಾರರು ಓಡುತ್ತಿದ್ದ ದಾರಿಯನ್ನು ಬೇರೆ ಬಣ್ಣದ ಮರಳು ಹಾಕಿ ತೋರಿಸಿದ್ದರು. ಒಂದು ಮೊಳೆಯನ್ನೂ ಹೊಸದಾಗಿ ಹೊಳೆಯಲು ಬಿಟ್ಟಿರಲಿಲ್ಲ. ಪರದೇಶದಿಂದ ಬಂದು ಹೋದ ಯಾರದ್ದೋ ರಜಾದಿನದ ಆಟವನ್ನು ಇಷ್ಟು ಜೋಪಾನ ಮಾಡಿದ್ದಾರಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಕಲ್ಲಿನಲ್ಲಿ ಕೆತ್ತಿದ ಬರಹವನ್ನು ನಿಶಾ ಓದಿ ಹೇಳಿದಳು. ಕೊನೆಯ ಪಂದ್ಯದಲ್ಲಿ ಹೊರಗಿನ ತಂಡ ಏಳು-ನಾಲ್ಕರಿಂದ ಗೆದ್ದಿತು ಎಂದಿತ್ತು.

"ತಪ್ಪು," ಎಂದ ಸದಾನಂದ. ಅವನ ಮುಖ ಕಪ್ಪಿಟ್ಟಿತು. "ನನ್ನಿಂದ ಅವ್ರು ಸೋತ ಹಾಗೆ ಆಯ್ತು."

ಜಾಗವನ್ನು ನೋಡಿಕೊಳ್ಳುವವಳು ಮರಿಯಂ ಎಂಬ ಈ ದೇಶದ ಹೆಣ್ಣುಮಗಳು. ಮೂವತ್ತರ ಆಸುಪಾಸು, ಮೈತುಂಬ ಕಪ್ಪು ಅಬಾಯಾ, ನನಗಿಂತ ಚೆನ್ನಾದ ಹಿಂದಿ. ನಮ್ಮನ್ನು ಕೋಣೆಯಲ್ಲಿ ಕೂರಿಸಿ, ಖರ್ಜೂರ ಮುಂದಿಟ್ಟು, ಗಹ್ವಾ ಹಾಕಿದಳು. ಸದಾನಂದ ಚೀಲದಿಂದ ತಗಡು ತೆಗೆದು ಮೇಜಿನ ಮೇಲಿಟ್ಟ. ಇದು ಕೊನೆಯ ಕೊಕ್ಕೆಯದು, ನನ್ನ ಕೈಯಲ್ಲಿ ಉಳಿದುಬಿಟ್ಟಿತ್ತು ಎಂದು ಹಿಂದಿಯಲ್ಲಿ ಹೇಳಿದ.

ಮರಿಯಂ ಅದನ್ನು ಎತ್ತಿಕೊಂಡಳು. ತಗಡನ್ನು ಎರಡೂ ಕಡೆ ನೋಡಿದಳು. ಹಿಂಬದಿಯಲ್ಲಿ ಅಕ್ಕಿ ಡಬ್ಬದ ಅಂಚು ಮೂಡಿಸಿದ ದುಂಡಗಿನ ಗುರುತಿತ್ತು. ಅದೇನೆಂದು ಕೇಳಿದಾಗ ನಾನು ವಿವರಿಸಿದೆ. ಅವಳು ನಗು ತಡೆದುಕೊಂಡು ಮೇಲಿನವರಿಗೆ ಫೋನು ಮಾಡಿದಳು. ಅರಬ್ಬಿಯಲ್ಲಿ ಮಾತು ಉದ್ದಕ್ಕೆ ಹೋಯಿತು.

"ಕೇಸ್ ಏನೂ ಇಲ್ಲ ಅಂಕಲ್, ಹೆದರಬೇಡಿ," ಎಂದಳು ಫೋನಿಟ್ಟು. "ತಂದುಕೊಟ್ಟದ್ದಕ್ಕೆ ಧನ್ಯವಾದ. ನಾವು ತೆಗೆದಿಟ್ಟುಕೊಳ್ಳುತ್ತೇವೆ. ತಜ್ಞರು ಬಂದು ಪರೀಕ್ಷೆ ಮಾಡಿದ ಮೇಲೆ ಹಾಕುತ್ತಾರೆ."

"ಯಾವಾಗ ಬರ್ತಾರೆ?" ಎಂದು ಕೇಳಿದ.

"ಕೆಲವು ತಿಂಗಳು ಆಗಬಹುದು. ಇನ್‌ಶಾ ಅಲ್ಲಾ."

ನನಗೆ ಜೀವ ಬಂದಂತಾಯಿತು. ಕೇಸಿಲ್ಲವಲ್ಲ, ಇನ್ನೇನು ಬೇಕು? ಎರಡನೆಯ ಕಪ್ಪು ಮುಗಿಸಿ, ಕಲಿತ ವಿದ್ಯೆ ತೋರಿಸೋಣವೆಂದು ಕಪ್ಪನ್ನು ಕುಲುಕಿದೆ. ಸದಾನಂದ ಮಾತ್ರ ತನ್ನ ಖಾಲಿ ಕಪ್ಪನ್ನು ಹಾಗೆಯೇ ಹಿಡಿದು ಕೂತಿದ್ದ. ಮರಿಯಂ ಹಾಕಿದಳು. ಕುಡಿದ. ಮತ್ತೆ ಹಿಡಿದ. ಹಾಕಿದಳು.

"ಸದು, ಕುಲುಕು," ಎಂದು ತುಳುವಿನಲ್ಲಿ ಪಿಸುಗುಟ್ಟಿದೆ.

"ಇಲ್ಲ ಅಕ್ಕ. ನನ್ನದು ಮುಗೀಲಿಲ್ಲ."

ಐದಾಯಿತು, ಆರಾಯಿತು. ಎದುರು ಮಾತಾಡಲು ಗೊತ್ತಿಲ್ಲದ ನನ್ನ ತಮ್ಮ ಈ ದೇಶದ ಮರ್ಯಾದೆಯನ್ನೇ ಹಿಡಿದುಕೊಂಡು ಕೂತಿದ್ದ. ಅವಳಿಗೂ ಅದು ಅರ್ಥವಾಯಿತು. ಏಳನೆಯದನ್ನು ಹಾಕಿ, ಹೂಜಿಯನ್ನು ಕೆಳಗಿಟ್ಟು ಕೇಳಿದಳು: "ಇದು ಈ ಹಲಗೆಯದೇ, ಹಾಕುತ್ತಿದ್ದವರು ನೀವೇ ಎಂದು ನಾನು ಅವರಿಗೆ ಹೇಗೆ ಹೇಳಲಿ?"

ಸದಾನಂದ ಎದ್ದ. ಕಿಟಕಿಯಿಂದ ಹಲಗೆ ಕಾಣುತ್ತಿತ್ತು. ಅದಕ್ಕೆ ಬೆನ್ನು ಹಾಕಿ, ಕೈಕಟ್ಟಿ, ಮಗ್ಗಿ ಒಪ್ಪಿಸುವ ಹುಡುಗನಂತೆ ಹೇಳತೊಡಗಿದ. "ಮೇಲಿನ ಸಾಲು: ಸೊನ್ನೆ, ಒಂದು, ಸೊನ್ನೆ, ಎರಡು, ಸೊನ್ನೆ, ಸೊನ್ನೆ, ಮೂರು, ಸೊನ್ನೆ, ಒಂದು. ಕೆಳಗಿನ ಸಾಲು: ಒಂದು, ಸೊನ್ನೆ, ಸೊನ್ನೆ, ಸೊನ್ನೆ, ಎರಡು, ಸೊನ್ನೆ, ಒಂದು, ಸೊನ್ನೆ." ಆಮೇಲೆ, "ಮೇಲಿನ ಸಾಲಿನ ಮೂರರ ತೂತು ಸ್ವಲ್ಪ ಬಲಕ್ಕೆ ಉಂಟು, ಅದು ಯಾವಾಗ್ಲೂ ಓರೆ ನಿಲ್ತದೆ," ಎಂದ.

ನಾವು ಮೂವರೂ ಕಿಟಕಿಗೆ ಮುಖ ಹಚ್ಚಿ ನೋಡಿದೆವು. ಒಂದೂ ತಪ್ಪಿರಲಿಲ್ಲ. ಮೂರು ಓರೆಯಾಗಿ ನಿಂತಿತ್ತು.

ಅವನು ಪ್ರತಿ ವಿಮಾನದಲ್ಲೂ, ಪ್ರತಿ ಪಾಳಿಯಲ್ಲೂ ಇದನ್ನೇ ಹೇಳಿಕೊಂಡಿದ್ದನೋ ಏನೋ. ನಿಶಾ ಬಾಯಿ ತೆರೆದು ಅಪ್ಪನನ್ನು ನೋಡಿದಳು. "ಪಪ್ಪ, ಎಲ್ಲ ನೆನಪುಂಟಾ?" ಎಂದಳು. ಈ ಪ್ರವಾಸದಲ್ಲಿ ಅವಳ ಬಾಯಿಂದ ನಾನು ಕೇಳಿದ, ಇಂಗ್ಲಿಷಲ್ಲದ ಮೊದಲ ಮಾತು ಅದು.

ಮರಿಯಂ ಮತ್ತೆ ಫೋನು ಹಿಡಿದಳು. ಈ ಸಲ ಕೂತು ಮಾತಾಡಲಿಲ್ಲ, ಓಡಾಡಿಕೊಂಡು, ಕೈಬೀಸಿಕೊಂಡು ಜಗಳವಾಡಿದಂತೆಯೇ ಮಾತಾಡಿದಳು. ಕೊನೆಗೆ "ಖಲಾಸ್" ಎಂದು ಫೋನಿಟ್ಟು ನಕ್ಕಳು. "ಕಲ್ಲು ಕೆತ್ತಿದವನನ್ನು ಮತ್ತೆ ಕರೆಸಬೇಕು. ಯಲ್ಲಾ ಅಂಕಲ್, ನಿಮ್ಮ ಕೆಲಸ ಮುಗಿಸಿ."

ಹಲಗೆಯ ಹಿಂದೆ

ಅಟ್ಟಕ್ಕೆ ಏಳು ಮೆಟ್ಟಿಲಿನ ಏಣಿ. ಗೇಟಿನ ಕಾವಲಿನವನು ಬಂದು ಅದನ್ನು ಕೆಳಗಿನಿಂದ ಒತ್ತಿ ಹಿಡಿದ. ಮಂಡಿನೋವಿನ ಸದಾನಂದ ಒಂದೊಂದೇ ಹತ್ತಿ ಹಲಗೆಯ ಹಿಂದೆ ಮರೆಯಾದ. ನಾವು ಮೂವರು ಮೈದಾನದಲ್ಲಿ ನಿಂತೆವು.

ಖಾಲಿ ಚೌಕದಲ್ಲಿ ಅವನ ಮುಖ ಕಾಣಿಸಿತು. ಕೈಯಲ್ಲಿ ತಗಡು. ಆದರೆ ಹಾಕಲಿಲ್ಲ. ಒಂದು ನಿಮಿಷವಾಯಿತು. ಕೊಕ್ಕೆ ಮುರಿದಿದೆಯೇ ಎಂದು ಮರಿಯಂ ಕೂಗಿ ಕೇಳಿದಳು. ಅವನು ನಮ್ಮ ಕಡೆಗೇ ನೋಡುತ್ತಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ತಲೆ ತಿರುಗಿತೋ ಏನೋ ಎಂದು ಗಾಬರಿಯಿಂದ ಎರಡು ಹೆಜ್ಜೆ ಮುಂದೆ ಹೋದವಳಿಗೆ ಫಕ್ಕನೆ ಹೊಳೆಯಿತು. ಬೆರಳು ನೋಡದೆ ಹಾಕಬಾರದೆಂದು ಆರ್ಡರ್.

ಇವನ ಮಾತಿಗೆ ಎಲ್ಲರೆದುರು ನಕ್ಕವಳು ನಾನು. ಅದೆಲ್ಲ ಸುಳ್ಳು ಎಂದವಳು ನಾನು. ಮೈದಾನದ ನಡುವೆ ಹೋಗಿ, ಕಾಲು ಜೋಡಿಸಿ ನೆಟ್ಟಗೆ ನಿಂತು, ಬಲಗೈಯನ್ನು ತಲೆಯ ಮೇಲೆ ಎತ್ತರಕ್ಕೆ ಹಿಡಿದು ನಾಲ್ಕು ಬೆರಳು ತೋರಿಸಿದೆ.

ತಗಡು ಕೊಕ್ಕೆಗೆ ಬಿದ್ದ ಸದ್ದು ಅಲ್ಲಿಯವರೆಗೆ ಕೇಳಿಸಿತು.

ಏಳಕ್ಕೆ ಎಂಟು. ಚೀಲದಿಂದ ಸೀಟಿ ತೆಗೆದು, ಮೂವತ್ತು ವರ್ಷ ಸಂಜೆ ಸಂಜೆ ಊದಿದ ಹಾಗೆ, ಉದ್ದಕ್ಕೆ ಊದಿದೆ. ಕಾವಲಿನವನು ಬೆಚ್ಚಿ ಏಣಿ ಬಿಟ್ಟ. ನಿಶಾ ಕುಣಿದಾಡಿದಳು. ಮರಿಯಂ ಚಪ್ಪಾಳೆ ಹೊಡೆದಳು.

ಸದಾನಂದ ಇಳಿದು ಬಂದ. ಕೋಣೆಗೆ ಹೋಗಿ, ಮೇಜಿನ ಮೇಲೆ ಆರಿಹೋಗಿದ್ದ ಏಳನೆಯ ಕಪ್ಪನ್ನು ಎತ್ತಿ ನಿಂತಲ್ಲೇ ಕುಡಿದ. ಮರಿಯಂ ಹೂಜಿ ಹಿಡಿದು ಮುಂದೆ ಬಂದಳು. ಅವನು ಬಲಗೈಯಲ್ಲಿ ಕಪ್ಪನ್ನು ಮುಂದೆ ಚಾಚಿ, ಅವಳನ್ನೇ ನೋಡುತ್ತಾ, ಎರಡು ಬಾರಿ ಕುಲುಕಿದ.